ಡ್ರ್ಯಾಗನ್ನಿನ ಅತ್ತಿಗೆಯನ್ನು ಕರೆಯದಿದ್ದರೆ ಹೇಗೆ?

ಬಾಯಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ನಿಗೆ ಬೇಜಾರಾದೀತೆಂದು ಅದರ ಅತ್ತಿಗೆಯನ್ನೂ ಜೊತೆಯಲ್ಲಿ ಯುದ್ಧಕ್ಕೆ ಕರೆದುಕೊಂಡು ಹೋದವರನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ಬೇರೆ ಯಾರೂ ಅಲ್ಲ, ನನಗೆ ಹೆಣ್ಣು ಕೊಟ್ಟ ಅತ್ತೆ!

ಡ್ರ್ಯಾಗನ್ನಿಗೆ ಎಲ್ಲಿಯ ಅತ್ತಿಗೆ ಎಂದು ಕೇಳಬೇಡಿ. ನಾನೂ ಕೇಳಿ ಕೆಟ್ಟಿದ್ದೇನೆ. “ಅಣ್ಣ ಅಂತ ಒಬ್ಬ ಇದ್ಮೇಲೆ ಅತ್ತಿಗೆ ಇಲ್ದೆ ಇರ್ತಾಳಾ ಅಳಿಯಂದ್ರೆ?” ಎಂದು ಅವರು ನನ್ನನ್ನೇ ತಿರುಗಿ ಕೇಳಿದರು. ಹಾಗಾದರೆ ಆ ಅಣ್ಣ ಯಾರು ಎಂದು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೆ ಅಣ್ಣನ ಮಾವನ ಮನೆಯವರೂ ಬಂದು ಕೂರುತ್ತಿದ್ದರು.

ವಿಷಯ ಇಷ್ಟೇ. ನನಗೆ ಹಾಸನದಲ್ಲಿ ಒಂದು ಬಣ್ಣದ ಅಂಗಡಿಯಿದೆ, ಎಂಟನೇ ಕ್ಲಾಸಿನಲ್ಲಿ ಓದುವ ಪುಟ್ಟಿ ಎಂಬ ಮಗಳಿದ್ದಾಳೆ, ಆ ಮಗಳಿಗೆ ಕಾರ್ಡಿನ ಹುಚ್ಚಿದೆ. ಈ ಕಾರ್ಡು ಗೊತ್ತಿಲ್ಲದವರಿಗೆ ಎರಡು ಮಾತು. ಇಸ್ಪೀಟಿನ ಹಾಗೆ ಆಡುವವರಿಗೆಲ್ಲ ಒಂದೇ ಕಟ್ಟು ಎಂದು ಇಲ್ಲಿ ಇಲ್ಲ. ಅಂಗಡಿಯಲ್ಲಿ ಸಣ್ಣ ಸಣ್ಣ ಪೊಟ್ಟಣಗಳು ಸಿಗುತ್ತವೆ, ಒಳಗೆ ಯಾವ ಕಾರ್ಡಿದೆಯೋ ಬಿಚ್ಚುವವರೆಗೆ ಶಿವನಿಗೇ ಗೊತ್ತು. ಒಂದೊಂದರ ಮೇಲೆ ಒಂದೊಂದು ವಿಚಿತ್ರ ಪ್ರಾಣಿ, ಅದರ ಬಲ ಇಷ್ಟು, ಏಟು ಇಷ್ಟು ಎಂಬ ಒಕ್ಕಣೆ. ಹೀಗೆ ಕೂಡಿಟ್ಟ ನೂರಾರು ಕಾರ್ಡುಗಳಲ್ಲಿ ಅರವತ್ತನ್ನು ಆರಿಸಿ ನಿಮ್ಮದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಅದಕ್ಕೆ ಡೆಕ್ ಎನ್ನುತ್ತಾರೆ. ಅರವತ್ತೆಂದರೆ ಅರವತ್ತೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ ಆಡುವುದು ಸ್ವಲ್ಪ ಹೊತ್ತಿನ ಮಾತು. ತಲೆ ಕೆಡುವುದೆಲ್ಲ ಈ ಆರಿಸುವುದರಲ್ಲೇ. ಯಾವುದನ್ನು ಹಾಕಬೇಕು ಎಂಬುದಕ್ಕಿಂತ ಯಾವುದನ್ನು ಬಿಡಬೇಕು ಎಂದು ತಿಳಿದವರೇ ಗೆಲ್ಲುತ್ತಾರಂತೆ. ಹಾಗೆಂದು ಪುಟ್ಟಿ ಹೇಳುತ್ತಾಳೆ. ನಮ್ಮತ್ತೆಗೆ ಬರದೇ ಇದ್ದ ವಿದ್ಯೆ ಎಂದರೆ ಇದೊಂದೇ.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಬರೆಯಲು ಕೂತರೆ ಇದು ಬೇರೆಯೇ ಪ್ರಬಂಧವಾಗುತ್ತದೆ. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಅವರವರ ಬಸ್ಸು ಹತ್ತಿದ ಮೇಲೆ ಅತ್ತೆ ಮಾತ್ರ “ಮಗೀದು ಪರೀಕ್ಸೆ ಮುಗೀಲಿ, ಆಮೇಕೆ ವೋಯ್ತೀನಿ” ಎಂದು ಉಳಿದರು. ಅವರು ಅರಕಲಗೂಡಿನವರು. ಮಾವ ಹೋದ ಮೇಲೆ ಕೊಣನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಗನ ಜೊತೆ ಇದ್ದರು. ಮಗ ಒಳ್ಳೆಯವನು, ಸೊಸೆ ಇನ್ನೂ ಒಳ್ಳೆಯವಳು. ನಮ್ಮ ಕಡೆ ತಾಯಿಯಾದವಳು ಮಗಳ ಮನೆಗೆ ಬಾಣಂತನಕ್ಕೋ ಕಾಯಿಲೆಗೋ ಬಂದು ನಾಲ್ಕು ದಿನ ಇದ್ದು ಹೋಗುವುದು ಸರಿ. ಮಗಳೇ ಇಲ್ಲದ ಮನೆಯಲ್ಲಿ, ಗಟ್ಟಿಮುಟ್ಟಾದ ಮಗನನ್ನು ಇಟ್ಟುಕೊಂಡು, ಅಳಿಯನ ಅನ್ನ ಉಣ್ಣುತ್ತ ಕೂರುವುದೆಂದರೆ? ಊರವರು ಬಿಟ್ಟಾರೆಯೇ? ಆದ್ದರಿಂದ ಅವರು ಇವತ್ತಲ್ಲ ನಾಳೆ ಹೊರಡುವವರೇ. ಅದು ನನಗೂ ಗೊತ್ತಿತ್ತು, ಪುಟ್ಟಿಗೂ ಗೊತ್ತಿತ್ತು. ಹೋಗಬೇಡಿ ಎಂದು ಹೇಳಲು ನನಗೆ ಯಾವ ಹಕ್ಕು? ಹೆಂಡತಿ ಇದ್ದಿದ್ದರೆ ಅವಳ ಬೆನ್ನ ಹಿಂದೆ ನಿಂತು ಹೇಳಿಸುತ್ತಿದ್ದೆ. ಈಗ ಆ ಬೆನ್ನೂ ಇರಲಿಲ್ಲ.

ಆ ದಿನಗಳಲ್ಲಿ ಪುಟ್ಟಿ ಮಾತು ಬಿಟ್ಟಿದ್ದಳು. ಊಟ ಬೇಕಾ ಎಂದರೆ ತಲೆ ಆಡಿಸುವುದು, ಸ್ಕೂಲು ಹೇಗಿತ್ತು ಎಂದರೆ ಭುಜ ಕುಣಿಸುವುದು, ಇಷ್ಟೇ. ಗೆಳತಿಯರ ಮನೆಗೆ ಹೋಗುವುದೂ ನಿಂತಿತ್ತು. ಸಂಜೆಯಾದರೆ ನಡುಮನೆಯ ನೆಲದ ಮೇಲೆ ಕಾರ್ಡು ಹರಡಿಕೊಂಡು ಒಬ್ಬಳೇ ಕೂರುತ್ತಿದ್ದಳು. ಒಂದು ದಿನ ಅತ್ತೆ ಹಣೆಗೆ ವಿಭೂತಿ ಇಟ್ಟುಕೊಂಡು ದೇವರ ಮನೆಯಿಂದ ಈಚೆ ಬಂದವರು ಈ ದೃಶ್ಯ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

“ಶಿವ ಶಿವಾ! ಇಸ್ಪೀಟು! ಅಳಿಯಂದ್ರೆ, ಬನ್ನಿ ಇಲ್ಲಿ, ಮಗ ಇಸ್ಪೀಟ್ ಆಡ್ತಾ ಕುಂತೈತೆ!”

“ಇಸ್ಪೀಟಲ್ಲ ಅಜ್ಜಿ” ಎಂದಳು ಪುಟ್ಟಿ.

“ಇಸ್ಪೀಟಲ್ದೆ ಇನ್ನೇನು? ರಾಜ ರಾಣಿ ಎಲ್ಲವ್ರೆ ತೋರ್ಸು, ಕಣ್ಣು ಕಾಣ್ದೇ ಇರೋಳಾ ನಾನು?”

“ಅಯ್ಯೋ, ರಾಜ ರಾಣಿ ಇರಲ್ಲ ಇದ್ರಲ್ಲಿ. ಕೂತ್ಕೋ, ಹೇಳ್ತೀನಿ.”

ಅತ್ತೆ ಕೂತರು. ಪುಟ್ಟಿ ಹೇಳತೊಡಗಿದಳು. ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆ ಕೈಯಲ್ಲಿ ಸೌಟು ಹಿಡಿದು ನಿಂತವನು ಅಲ್ಲಾಡಲಿಲ್ಲ. ಎಷ್ಟೋ ವಾರಗಳ ಮೇಲೆ ನನ್ನ ಮಗಳು ಉಸಿರು ಬಿಡದೆ ಮಾತಾಡುತ್ತಿದ್ದಳು! ನೀರಿನ ಪ್ರಾಣಿ ಬೆಂಕಿಯ ಪ್ರಾಣಿಯನ್ನು ಹೇಗೆ ಸೋಲಿಸುತ್ತದೆ, ಶಕ್ತಿಯ ಕಾರ್ಡು ಇಲ್ಲದೆ ಯಾಕೆ ಹೊಡೆಯುವಂತಿಲ್ಲ, ಮರಿಯನ್ನು ಇಳಿಸದೆ ದೊಡ್ಡದನ್ನು ಯಾಕೆ ಇಳಿಸುವಂತಿಲ್ಲ, ಎಲ್ಲ. ಸಾರು ತಳ ಹಿಡಿಯಿತು. ಆ ರಾತ್ರಿ ಮೂವರೂ ಸೀದ ಸಾರನ್ನೇ ಸುರಿದುಕೊಂಡು ಉಂಡೆವು. ನನಗಂತೂ ಅದು ಹಬ್ಬದೂಟವಾಗಿತ್ತು.

ಮಾರನೆಯ ದಿನವೇ ಅತ್ತೆ ತಮಗೂ ಒಂದು ಡೆಕ್ ಬೇಕೆಂದರು. ಇಲ್ಲಿಂದ ಶುರುವಾಯಿತು ನೋಡಿ ಕಥೆ.

ಕಾರ್ಡಿನ ಮೇಲಿನ ಇಂಗ್ಲಿಷ್ ಹೆಸರುಗಳು ಅವರ ನಾಲಿಗೆಗೆ ಒಗ್ಗಲಿಲ್ಲ. ಅದಕ್ಕೇನಂತೆ? ಮುಖಚರ್ಯೆ ನೋಡಿ ತಾವೇ ಹೆಸರಿಟ್ಟರು. ಹೊಟ್ಟೆ ಮುಂದೆ ಬಿಟ್ಟುಕೊಂಡು ಕೂತ ನೇರಳೆ ಬಣ್ಣದ ಕಪ್ಪೆ ಮಲ್ಲಿಪಟ್ಟಣದ ಬೀಗರಾಯಿತು. ಕೊಂಬು ತಿರುವಿಕೊಂಡು ನಿಂತಿದ್ದು ಕೊಣನೂರಿನ ಸೋದರತ್ತೆಯಾಯಿತು. ಆರು ಕೈಯಿರುವ ಒಂದು ರಾಕ್ಷಸಿಯನ್ನು ಕಂಡು “ಪಾಪ, ಮನೆ ಕೆಲ್ಸ ಎಲ್ಲಾ ಇವಳ ಮ್ಯಾಲೇ ಬಿಟ್ಟವ್ರೆ” ಎಂದು ಮರುಗಿದರು. ಹೆಸರಿಟ್ಟ ಮೇಲೆ ಅದು ಕಾರ್ಡಾಗಿ ಉಳಿಯುತ್ತದೆಯೇ? ಮನೆಯವರಾಯಿತು. ಮನೆಯವರನ್ನು ಕರೆಯುವುದಕ್ಕೆ ಒಂದು ರೀತಿ ನೀತಿ ಇದೆಯಲ್ಲ, ಅತ್ತೆ ಅದನ್ನು ಅಕ್ಷರಶಃ ಪಾಲಿಸಿದರು. ಮದುವೆಗೆ ಕರೆಯುವಾಗ ಅಣ್ಣನನ್ನು ಕರೆದು ತಮ್ಮನನ್ನು ಬಿಡುವಂತಿಲ್ಲ. ಬೀಗರನ್ನು ಕರೆದರೆ ಬೀಗರ ಬೀಗರನ್ನೂ ಕರೆಯಬೇಕು. ಒಂದು ಮನೆಗೆ ಹೋಗಿ ಕುಂಕುಮ ಇಟ್ಟು, ಪಕ್ಕದ ಮನೆಯ ಬಾಗಿಲು ದಾಟಿಕೊಂಡು ಬಂದರೆ ಆ ಮಾತು ಏಳು ಜನ್ಮಕ್ಕೂ ಉಳಿಯುತ್ತದೆ. ಡ್ರ್ಯಾಗನ್ನಿನ ಅತ್ತಿಗೆ ಡೆಕ್ಕಿನೊಳಕ್ಕೆ ಬಂದದ್ದು ಹೀಗೆ.

ಪುಟ್ಟಿ ತಾಳ್ಮೆಯಿಂದ ಪಾಠ ಹೇಳಿದಳು. “ಅಜ್ಜಿ, ಒಳ್ಳೇದು ನಾಕೈದು ಜಾತಿ ಆರಿಸ್ಕೋಬೇಕು. ಒಂದೊಂದ್ರಲ್ಲೂ ನಾಕ್ನಾಕು ಇಟ್ಕೋಬೇಕು. ಆಗ ಬೇಕಾದ್ದು ಬೇಕಾದಾಗ ಕೈಗೆ ಬರುತ್ತೆ.”

“ಒಂದೇ ಮೊಕದೋರು ನಾಕ್ ನಾಕ್ ಜನವಾ? ನೋಡಿದೋರು ಏನಂತಾರೆ? ಮನೆಗೊಬ್ರು ಬರ್ಲಿ ಬಿಡು, ಎಲ್ಲಾರ್ಗೂ ಮರ್ವಾದೆ.”

“ಇದನ್ನ ಯಾಕೆ ಹಾಕ್ದೆ? ಇದು ಬರೀ ನಿದ್ದೆ ಮಾಡುತ್ತೆ, ಕೆಲ್ಸಕ್ಕೆ ಬಾರದ್ದು. ಕೆಲ್ಸಕ್ಕೆ ಬಾರದ್ದನ್ನ ಮೊದ್ಲು ತೆಗೀಬೇಕು.”

“ಕೆಲ್ಸುಕ್ ಬಾರ್ದೋರ್ನ ತಗ್ದಾಕಂಗಿದ್ರೆ ನಿಮ್ ತಾತುನ್ನ ಯಾವತ್ತೋ ತಗ್ದಾಕ್ತಿದ್ದೆ ಕಣ್ಮಗಾ!”

ನಮ್ಮ ಮಾವನವರು ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಗೊರಕೆ ಹೊಡೆಯುತ್ತಿದ್ದವರು. ನಿದ್ದೆಯ ಕಾರ್ಡು ಅಂದಿನಿಂದ ಡೆಕ್ಕಿನ ಯಜಮಾನರಾಗಿ ಎಲ್ಲಕ್ಕಿಂತ ಮೇಲೆ ಕೂತಿತು.

ಇನ್ನು ಶಕ್ತಿಯ ಕಾರ್ಡುಗಳ ಗೋಳು. ಪ್ರಾಣಿಗಳು ಹೊಡೆದಾಡಲು ಶಕ್ತಿ ಬೇಕು ಎಂದು ಪುಟ್ಟಿ ಹೇಳಿದ್ದೇ ತಡ, ಅತ್ತೆಗೆ ಅದು ಅನ್ನವೆಂದು ಅರ್ಥವಾಯಿತು. ಕರೆದವರಿಗೆ ಅನ್ನ ಸಾಲದೆ ಹೋದರೆ ಮಾನ ಉಳಿಯುತ್ತದೆಯೇ? “ಮಿಕ್ರೂ ಪರ್ವಾಗಿಲ್ಲ, ಸಾಲ್ದಂಗಾಗ್ಬಾರ್ದು” ಎನ್ನುತ್ತ ಕೈಗೆ ಸಿಕ್ಕ ಶಕ್ತಿಯ ಕಾರ್ಡುಗಳನ್ನೆಲ್ಲ ಸುರಿದರು. ಅತ್ತ ನೆಂಟರೂ ಬಿಡುವಂತಿಲ್ಲ, ಇತ್ತ ಅನ್ನವೂ ಕಡಿಮೆಯಾಗುವಂತಿಲ್ಲ. ಮನೆಯ ಆಟ ತಾನೇ ಎಂದು ಪುಟ್ಟಿ ಅರವತ್ತರ ಲೆಕ್ಕವನ್ನು ಬಿಟ್ಟುಕೊಟ್ಟಳು. ಮೊದಲ ಡೆಕ್ ಮುಗಿಯುವಾಗ ಅದನ್ನು ಒಂದು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಕಲೆಸಬೇಕಲ್ಲ? ಎದ್ದು ಹೋಗಿ ಅಡುಗೆಮನೆಯಿಂದ ಮೊರ ತಂದರು. ಹೌದು, ಮೊರ! ಅಷ್ಟೂ ಕಾರ್ಡನ್ನು ಅದಕ್ಕೆ ಸುರಿದು, ಅಕ್ಕಿ ಕೇರುವ ಹಾಗೆ ಮೇಲಕ್ಕೂ ಕೆಳಕ್ಕೂ ನಾಲ್ಕು ಸಲ ಹಾರಿಸಿ, ಒಂದನ್ನೂ ನೆಲಕ್ಕೆ ಬೀಳಿಸದೆ ಪುಟ್ಟಿಯ ಮುಂದೆ ಇಟ್ಟರು. ಹೆಂಡತಿ ಹೋದ ಮೇಲೆ ನಗು ಎಂಬುದು ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿಸಿದ್ದು ಆಗಲೇ. ನನ್ನದೋ ಪುಟ್ಟಿಯದೋ ಈಗ ನೆನಪಿಲ್ಲ.

ಆಟದಲ್ಲಿ ಅತ್ತೆ ಸೋತರು. ಮತ್ತೆ ಸೋತರು. ದಿನವೂ ಸೋತರು. ಕೈಗೆ ಬರೀ ಅನ್ನ ಬಂದು ಉಣ್ಣುವವರೇ ಬರುತ್ತಿರಲಿಲ್ಲ, ಇಲ್ಲವೇ ನೆಂಟರೆಲ್ಲ ಬಂದು ಸೇರಿ ಅನ್ನವೇ ಇರುತ್ತಿರಲಿಲ್ಲ. ಸೋತಾಗಲೆಲ್ಲ “ಓಗ್ಲಿ ಬಿಡು, ಎಲ್ರೂ ಬಂದೋದ್ರಲ್ಲ, ಅಷ್ಟೇ ಸಾಕು” ಎಂದು ತೃಪ್ತಿಯಿಂದ ಕಾರ್ಡು ಒಟ್ಟುಮಾಡುತ್ತಿದ್ದರು.

ಒಂದು ಶನಿವಾರ ಅವರೇ ಕಾರ್ಡು ಕೊಳ್ಳಲು ಹೊರಟರು. ನಾನೂ ಪುಟ್ಟಿಯೂ ಹಿಂದೆ. ಅಂಗಡಿಯವನು ಇಪ್ಪತ್ತೈದರ ಹುಡುಗ, ಗಡ್ಡ ಬಿಟ್ಟು ಕಿವಿಗೆ ಒಂಟಿ ಹಾಕಿಕೊಂಡವನು. ಅತ್ತೆ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿದರು. ಬದನೆಕಾಯಿಯ ಹಾಗೆ ಅಮುಕಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೆಳಕಿಗೆ ಹಿಡಿದರು. ಕೊನೆಗೆ ಮೂಸಿಯೂ ನೋಡಿದರು.

“ಬಿಚ್ಚಿ ತೋರ್ಸಪ್ಪ” ಎಂದರು.

“ಅಜ್ಜಿ, ಬಿಚ್ಚಿದ್ರೆ ವಾಪಸ್ ತಗಳಲ್ಲ. ಬಿಚ್ಚೋ ತನಕ ಒಳಗೇನೈತೆ ಅಂತ ನಂಗೂ ಗೊತ್ತಾಗಲ್ಲ.”

“ನಿಂಗೇ ಗೊತ್ತಿಲ್ದೆ ಇರೋದ್ನ ಎಂಗಪ್ಪಾ ಮಾರ್ತೀಯಾ? ನಮ್ ಯಜಮಾನ್ರು ಅಕ್ಕಿ ಮಾರ್ತಿದ್ರು, ಮೂಟೆ ಬಾಯಿ ಬಿಚ್ದೆ ಯಾವತ್ತೂ ಕೊಟ್ಟೋರಲ್ಲ.”

ಹುಡುಗ ನನ್ನ ಮುಖ ನೋಡಿದ. ನಾನು ಗೋಡೆಯ ಬಣ್ಣ ನೋಡಿದೆ. ಕೊನೆಗೆ ಎರಡು ಪೊಟ್ಟಣ ಆರಿಸಿದ್ದಾಯಿತು, ದುಡ್ಡು ಕೊಟ್ಟಿದ್ದಾಯಿತು. ಅತ್ತೆ ಮಾತ್ರ ಕದಲಲಿಲ್ಲ. ಸೆರಗು ಮುಂದೆ ಮಾಡಿ ಹಿಡಿದು ನಿಂತೇ ಇದ್ದರು.

“ಇನ್ನೇನು ಅಜ್ಜಿ?”

“ಕೊಸ್ರು?”

ತರಕಾರಿ ಕೊಂಡ ಮೇಲೆ ಎರಡು ಮೆಣಸಿನಕಾಯಿ, ನಾಲ್ಕು ಎಸಳು ಕೊತ್ತಂಬರಿ ಮೇಲಕ್ಕೆ ಹಾಕುತ್ತಾರಲ್ಲ, ಆ ಕೊಸರು! ನನ್ನ ಅಂಗಡಿಯಲ್ಲಿ ಬಣ್ಣ ಕೊಂಡವರು ಕೊಸರು ಕೇಳಿದರೆ ನಾನು ಏನು ಮಾಡುತ್ತೇನೋ ಗೊತ್ತಿಲ್ಲ. ಆ ಹುಡುಗ ಮಾತ್ರ ಒಂದು ಗಳಿಗೆ ಯೋಚಿಸಿ, ಗಲ್ಲಾಪೆಟ್ಟಿಗೆಯ ಕೆಳಗಿನ ಡಬ್ಬಿಯಿಂದ ಯಾರಿಗೂ ಬೇಡವಾಗಿದ್ದ ಒಂದು ಬಿಡಿ ಕಾರ್ಡು ತೆಗೆದು ಸೆರಗಿಗೆ ಹಾಕಿದ. ಅದು ಒಂದು ಬಡಕಲು ಹುಳ. ಮೂಲೆ ಬೇರೆ ಮಡಿಚಿಹೋಗಿತ್ತು. ಏಟಿನ ಬಲ ಕೇಳಿದರೆ ಸೊಳ್ಳೆಯೂ ನಗಬೇಕು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಡೆಕ್ಕಿನೊಳಗೆ ಸೇರಿಸಿದರು. ತಾವಾಗಿ ಬಂದವರನ್ನು ಬಿಡುವುದುಂಟೇ?

ಅಷ್ಟರಲ್ಲಿ ಪರೀಕ್ಷೆ ಮುಗಿಯಿತು. “ರಿಸಲ್ಟ್ ಬರೋ ತನಕ ಇರು ಅಜ್ಜಿ” ಎಂದಳು ಪುಟ್ಟಿ. ಅತ್ತೆ ಇದ್ದರು. ರಿಸಲ್ಟ್ ಬಂತು. ಹೊಳೆನರಸೀಪುರದಿಂದ ನನ್ನ ಅಕ್ಕ ನೋಡಲು ಬಂದಳು, ಬಂದವಳು ಚಪ್ಪಲಿ ಬಿಡುತ್ತಲೇ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ “ಇನ್ನೂ ಇಲ್ಲೇ ಅವ್ರಾ?” ಎಂದು ನನ್ನ ಕಿವಿಯಲ್ಲಿ ಕೇಳಿದಳು. ಅವಳ ಕಿವಿಮಾತು ಬೀದಿಯ ಆ ಬದಿಗೂ ಕೇಳಿಸುತ್ತದೆ. ಅತ್ತೆಗೆ ಕೇಳಿಸದಿರುತ್ತದೆಯೇ? ಕಾಫಿ ತಂದುಕೊಟ್ಟು, ಏನೂ ಆಗದವರ ಹಾಗೆ “ಬನ್ನಿ ತಾಯಿ, ಒಂದಾಟ ಹಾಕನಾ” ಎಂದು ಅಕ್ಕನನ್ನು ನೆಲಕ್ಕೆ ಕೂರಿಸಿಕೊಂಡರು. ಅಕ್ಕ ಮೊದಲ ಆಟ ಗೆದ್ದಳು. ನಮ್ಮತ್ತೆಯ ಎದುರು ಗೆಲ್ಲುವುದು ದೊಡ್ಡ ಮಾತಲ್ಲ, ಆದರೆ ಅದು ಅಕ್ಕನಿಗೆ ಗೊತ್ತಿರಲಿಲ್ಲವಲ್ಲ! ಎರಡನೆಯದೂ ಗೆದ್ದಳು. ಹೊಳೆನರಸೀಪುರದ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ಕೊನೆಗೆ ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟೆ. ದಾರಿಯುದ್ದಕ್ಕೂ ಅವಳು ಅತ್ತೆ ಯಾವಾಗ ಹೊರಡುತ್ತಾರೆಂದು ಕೇಳಲಿಲ್ಲ, ಆ ನೇರಳೆ ಕಪ್ಪೆಯ ಕಾರ್ಡು ಎಲ್ಲಿ ಸಿಗುತ್ತದೆಂದು ಕೇಳಿದಳು.

ಆದರೂ ಮಾತು ಕೊಣನೂರು ಮುಟ್ಟಿತು. ಭಾವಮೈದುನ ಫೋನ್ ಮಾಡಿ ಮುಂದಿನ ಭಾನುವಾರ ಸಂಜೆ ಕಾರು ತೆಗೆದುಕೊಂಡು ಬರುವುದಾಗಿ ಹೇಳಿದ. ಅತ್ತೆ “ಆಯ್ತು ಕಣಪ್ಪ” ಎಂದರು. ಆ ಭಾನುವಾರವೇ ಚನ್ನರಾಯಪಟ್ಟಣದಲ್ಲಿ ಕಾರ್ಡಿನ ಪಂದ್ಯವಿತ್ತು. ಪುಟ್ಟಿ ಮೊದಲು ಒಲ್ಲೆನೆಂದಿದ್ದಳು. ಅಮ್ಮ ಹೋದ ಮೇಲೆ ಅವಳು ಜನ ಸೇರಿದ ಕಡೆ ಕಾಲಿಟ್ಟವಳೇ ಅಲ್ಲ. ಕೊನೆಗೆ “ಅಜ್ಜಿ ಹೆಸರು ಕೊಟ್ರೆ ನಾನೂ ಕೊಡ್ತೀನಿ” ಎಂದಳು. ಅತ್ತೆ ಕೊಟ್ಟರು. ಒಂದು ವಾರ ಅಜ್ಜಿ ಮೊಮ್ಮಗಳು ಸೇರಿ ನೆಂಟರನ್ನು ಕಡಿಮೆ ಮಾಡುವ ಕೆಲಸಕ್ಕೆ ಕೂತರು. ಅದೇನು ಜಗಳ, ಅದೇನು ಕಣ್ಣೀರು! ಕೊಣನೂರಿನ ಸೋದರತ್ತೆ ಹೋದರು, ಆರು ಕೈಯವಳು ಹೋದಳು, ಡ್ರ್ಯಾಗನ್ನಿನ ಅತ್ತಿಗೆಯನ್ನು ತೆಗೆಯುವಾಗಲಂತೂ ಅತ್ತೆ “ತಪ್ಪು ತಿಳ್ಕೋಬ್ಯಾಡ ಕಣವ್ವ” ಎಂದು ಕಾರ್ಡಿಗೆ ಕೈ ಮುಗಿದರು. ಕೊನೆಗೂ ಅರವತ್ತಾಯಿತು ಎಂದು ಪುಟ್ಟಿ ಎಣಿಸಿ ಡಬ್ಬಿಗೆ ಹಾಕಿದಳು.

ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಹೊರಟೆವು. ಪಂದ್ಯ ಇಟ್ಟಿದ್ದು ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಉದ್ದುದ್ದ ಮೇಜು, ಎರಡೂ ಕಡೆ ಕುರ್ಚಿ, ಮೇಜಿನ ಮೇಲೆ ಬಿಳಿ ಕಾಗದದ ಹಾಸು. ಅತ್ತೆ ಬಾಗಿಲಲ್ಲೇ ಒಮ್ಮೆ ಸುತ್ತಲೂ ನೋಡಿ, ಮನೆಯವರೇ ಆಗಿಹೋದರು. ನಿಂತಿದ್ದ ಹುಡುಗರನ್ನೆಲ್ಲ “ಕೂತ್ಕಳ್ರಪ್ಪ, ಯಾಕೆ ನಿಂತೀರಿ” ಎಂದು ಕೂರಿಸಿದರು. ಮೂಲೆಯ ಕುರ್ಚಿಯಲ್ಲಿ ತಾವೂ ಕೂತು, ಸೆರಗು ಸರಿಮಾಡಿಕೊಂಡು ಡೆಕ್ ಮುಂದಿಟ್ಟರು. ಪಕ್ಕದಲ್ಲಿ ಪುಟ್ಟಿ, ಬಿಳಿಚಿಕೊಂಡು, ನೆಲ ನೋಡಿಕೊಂಡು.

ಪಂದ್ಯ ನಡೆಸುವ ಹುಡುಗ ಒಬ್ಬೊಬ್ಬರ ಡೆಕ್ಕನ್ನೂ ಎಣಿಸುತ್ತ ಬಂದ. ಅತ್ತೆಯದನ್ನು ಎಣಿಸಿದ. ಹುಬ್ಬು ಗಂಟಿಕ್ಕಿ ಮತ್ತೆ ಎಣಿಸಿದ.

“ಅಜ್ಜಿ, ಅರವತ್ತೊಂದೈತೆ. ಒಂದು ತೆಗೀಬೇಕು.”

ಪುಟ್ಟಿ ಬಗ್ಗಿ ನೋಡಿದಳು. ಕೊಸರಿನ ಹುಳ! ಹೊರಡುವ ಗಡಿಬಿಡಿಯಲ್ಲಿ ಯಾರಿಗೂ ಕಾಣದ ಹಾಗೆ ಡಬ್ಬಿಗೆ ಸೇರಿಕೊಂಡಿತ್ತು.

“ಇರ್ಲಿ ಬಿಡಪ್ಪ, ಅದೇನು ಜಾಗ ತಿಂದಾತು? ಬಡ್ಕಲು.”

“ರೂಲ್ಸ್ ಅಜ್ಜಿ. ಅದನ್ನೇ ತೆಗೀರಿ, ಅದು ಯಾವ ಕೆಲಸಕ್ಕೂ ಬರಲ್ಲ.”

ಅತ್ತೆ ಹುಡುಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಊಟದ ಹಾಲು, ಉದ್ದನೆಯ ಸಾಲು, ಸಾಲಿನ ತುಂಬ ಜನ. ಅವರ ಮಟ್ಟಿಗೆ ಅದು ಪಂಕ್ತಿಯೇ. ಪಂಕ್ತಿಯಲ್ಲಿ ಕೂತವರ ರಟ್ಟೆ ಹಿಡಿದು ಎಬ್ಬಿಸುವುದಕ್ಕಿಂತ ದೊಡ್ಡ ಪಾಪ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಅದರಿಂದ ಮುರಿದ ಸಂಬಂಧಗಳು ನನಗೇ ಎರಡು ಗೊತ್ತು.

“ಪಂಕ್ತೀಲಿ ಕುಂತೋರ್ನ ಎಬ್ಬುಸ್ತಾರೇನಪ್ಪಾ? ನಿಮ್ಮನೇಲಿ ಅಂಗೆ ಮಾಡ್ತೀರಾ?”

“ಅಜ್ಜಿ, ಒಂದು ತೆಗಿ, ಪ್ಲೀಸ್” ಎಂದಳು ಪುಟ್ಟಿ. “ಇಲ್ದಿದ್ರೆ ನಿನ್ನ ಆಡಕ್ಕೆ ಬಿಡಲ್ಲ.”

ಅತ್ತೆ ಅರವತ್ತೊಂದನ್ನೂ ನೋಡಿದರು. ಯಾರನ್ನು ಎಬ್ಬಿಸಲಿ ಎಂದು ಯೋಚಿಸಿದಂತಿತ್ತು. ಆಮೇಲೆ ಡೆಕ್ಕನ್ನು ಡಬ್ಬಿಗೆ ಹಾಕಿ, ಮೇಜಿಗೆ ಕೈ ಊರಿ, ಮೆಲ್ಲಗೆ ಎದ್ದು ನಿಂತರು.

“ಯಾರಾದ್ರೂ ಒಬ್ರು ಏಳ್ಬೇಕು ತಾನೆ? ನಾನೇ ಏಳ್ತೀನಿ ಬಿಡಪ್ಪ. ಅವ್ರು ಕೂತಿರ್ಲಿ.” ಏಳಲು ಹೊರಟಿದ್ದ ಪುಟ್ಟಿಯ ಭುಜ ಒತ್ತಿ ಕೂರಿಸಿದರು. “ನೀನ್ಯಾಕೆ ಏಳ್ತೀಯಾ? ನಿಂದು ಸರ್ಯಾಗೈತಲ್ಲ, ಕೂತ್ಕೊಂಡು ಆಡು. ನಾನು ಇಲ್ಲೇ ನಿನ್ ಬೆನ್ನಿಂದೆ ನಿಂತಿರ್ತೀನಿ.”

ಹಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಸಂಜೆ ಕಾರು ಬರಲಿತ್ತು. ಇವರು ಎಲ್ಲ ಕಡೆಯೂ ಹೀಗೇ, ಯಾರಿಗೂ ಎದ್ದು ಹೋಗು ಎನ್ನಲಾರರು, ಅದರ ಬದಲು ತಾವೇ ಎದ್ದುಬಿಡುತ್ತಾರೆ ಎನಿಸಿತು.

ಪುಟ್ಟಿ ಆಡಿದಳು. ಮೊದಲ ಆಟ ಸೋತಳು. ಎರಡನೆಯದರಲ್ಲಿ ಎದುರಿನ ಹುಡುಗಿಯ ಜೊತೆ ಏನೋ ವಾದಕ್ಕಿಳಿದಳು, ಕೈ ತಿರುಗಿಸಿ ತಿರುಗಿಸಿ ಮಾತಾಡಿದಳು, ಗೆದ್ದಳು. ಮೂರನೆಯದನ್ನೂ ಗೆದ್ದು ಕುರ್ಚಿಯಿಂದ ಹಾರಿ ಕೂಗಿದ್ದು ಮಂಟಪದ ಅಡುಗೆಮನೆಯ ಕಡೆ ಇದ್ದವರಿಗೂ ಕೇಳಿಸಿತು. ಕೊನೆಯಲ್ಲಿ ಅವಳಿಗೆ ಬಹುಮಾನ ಬರಲಿಲ್ಲ, ಇಬ್ಬರು ಗೆಳತಿಯರು ಸಿಕ್ಕರು. ಅತ್ತೆ ಅಷ್ಟೂ ಹೊತ್ತು ಚೀಲದಿಂದ ಕೋಡುಬಳೆ ತೆಗೆದು ಸಾಲಿನಲ್ಲಿ ಹಂಚುತ್ತಿದ್ದರು. ಸೋತವರಿಗೆ ಎರಡೆರಡು.

ಸಂಜೆ ನಾವು ಹಾಸನ ಸೇರುವಾಗ ಭಾವಮೈದುನ ಬಾಗಿಲಲ್ಲೇ ನಿಂತಿದ್ದ. ಕಾಫಿ ಕುಡಿದ. ಪುಟ್ಟಿ ಯಾರ ಮುಖವನ್ನೂ ನೋಡದೆ ಅಜ್ಜಿಯ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

“ಅವ್ವ, ಒಂಡನಾ? ಕತ್ಲಾಗೋದ್ರೊಳ್ಗೆ ಸೇರ್ಕಳನ” ಎಂದ ಅವನು.

ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. “ನೋಡಪ್ಪ” ಎಂದೆ. “ನಿಮ್ಮಕ್ಕ ಇದ್ದಿದ್ರೆ ಅವಳೇ ಕೇಳ್ತಿದ್ಲು. ಈಗ ನಾನು ಕೇಳ್ತಾ ಇದೀನಿ. ಅತ್ತೇನ ಇಲ್ಲೇ ಬಿಡು. ಮಗೂಗೋಸ್ಕರ ಅಂತ ಹೇಳಬಹುದು, ಅದು ಅರ್ಧ ಮಾತು. ನನಗೇ ಬೇಕು ಅವರು. ಅವರಿಲ್ದೆ ಈ ಮನೇಲಿ ನನಗೆ ಇರಕ್ಕಾಗಲ್ಲ.”

ಅವನು ತಲೆ ತಗ್ಗಿಸಿದ. “ನಾನೇನು ಬ್ಯಾಡ ಅಂದ್ನಾ ಭಾವ? ಅಕ್ಕ ಓದ್ಮೇಲೆ ನಂಗೂ ಅವ್ವ ಒಬ್ಳೇಯ. ಊರೋರು ಕೇಳ್ತಾರೆ, ಮಗ ಇದ್ದೂ ಅಳಿಯನ ಮನೇಲಿ ಬಿಟ್ಟವ್ನೆ ಅಂತ. ಏನಂತ ಏಳ್ಲಿ ಅವ್ರಿಗೆ?”

ಅವನ ಮಾತೂ ಸುಳ್ಳಲ್ಲ. ಮೂವರೂ ಅತ್ತೆಯ ಮುಖ ನೋಡಿದೆವು. ಅವರು ಪುಟ್ಟಿಯ ಬೆರಳಿಂದ ಸೆರಗು ಬಿಡಿಸಿಕೊಂಡು ಎದ್ದು ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದಾಯಿತು, ನೀರು ಬಸಿದ ಸದ್ದಾಯಿತು. ಆಮೇಲೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮಗನ ಮುಂದೆ ನಿಂತರು.

“ಇವತ್ತು ಬರಾಕಾಗಕ್ಕಿಲ್ಲ ಕಣ್ಲಾ. ಉದ್ದು ನೆನೆ ಆಕಿವ್ನಿ. ಈಗ ರುಬ್ಬಿಟ್ರೆ ಬೆಳಿಗ್ಗೆ ಇಡ್ಲಿ. ನೆನೆ ಆಕಿದ್ ಬ್ಯಾಳೆ ಬಿಟ್ಬುಟ್ಟು ಓಗಕ್ಕಾಯ್ತದಾ? ಊರೋರು ಕೇಳುದ್ರೆ, ಇಟ್ಟು ಮುಗುದ್ಮೇಲೆ ಬತ್ತಾಳಂತೆ ಅನ್ನು.”

ಭಾವಮೈದುನ ತಾಯಿಯ ಮುಖವನ್ನೇ ನೋಡುತ್ತ ಕೂತ. “ಎಷ್ಟು ಐತವ್ವ ಇಟ್ಟು?” ಎಂದು ಕೇಳಿದ.

“ಸ್ಯಾನೆ ಐತೆ.”

ಅವನು ಕಣ್ಣೊರೆಸಿಕೊಂಡು ನಕ್ಕ. ತಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ನನ್ನ ಕೈ ಒಮ್ಮೆ ಗಟ್ಟಿಯಾಗಿ ಹಿಡಿದು, ಒಬ್ಬನೇ ಕಾರು ಹತ್ತಿದ.

ಅದು ನನ್ನ ತಲೆಗೆ ಹೊಳೆದದ್ದು ಆಮೇಲೆ, ಗ್ರೈಂಡರಿನ ಸದ್ದು ಕೇಳುತ್ತ ಕೂತಿದ್ದಾಗ. ನಾವು ಬೆಳಗಾಗುತ್ತಲೇ ಮನೆ ಬಿಟ್ಟವರು, ಮನೆಗೆ ಮರಳಿದ್ದು ಸಂಜೆಗೆ. ಹಾಗಾದರೆ ಉದ್ದು ನೀರಿಗೆ ಬಿದ್ದದ್ದು ಯಾವಾಗ? ನಾವು ಹೊರಡುವ ಮೊದಲೇ. ಸಂಜೆ ಊರಿಗೆ ಹೊರಡುವವರು ಬೆಳಿಗ್ಗೆ ಎದ್ದು ಯಾರಾದರೂ ಉದ್ದು ನೆನೆ ಹಾಕುತ್ತಾರೆಯೇ? ನಾನು ಬಾಯಿ ಬಿಟ್ಟು ಕೇಳುವ ಮೊದಲೇ, ಪುಟ್ಟಿ ಕುರ್ಚಿಯಿಂದ ಹಾರಿ ಕೂಗುವ ಮೊದಲೇ, ಅತ್ತೆ ಒಬ್ಬರೇ ಅಡುಗೆಮನೆಯಲ್ಲಿ ನಿಂತು ನಮ್ಮನ್ನು ಬಿಡುವುದಿಲ್ಲವೆಂದು ತೀರ್ಮಾನ ಮಾಡಿ ಮುಗಿಸಿದ್ದರು. ಹೆಣ್ಣು ಕೊಟ್ಟವರು ಅವರು. ಆ ಹೆಣ್ಣು ಹೋದ ಮೇಲೆ ತಮ್ಮನ್ನೇ ಕೊಟ್ಟರು. ಇದಕ್ಕೆ ನಾನು ಹೇಗೆ ಕೈ ಮುಗಿಯಲಿ, ಯಾವ ಜನ್ಮದಲ್ಲಿ ತೀರಿಸಲಿ?

ಆ ಹಿಟ್ಟಿನಲ್ಲಿ ಮಾರನೆಯ ದಿನ ಇಡ್ಲಿಯಾಯಿತು, ಅದರ ಮಾರನೆಯ ದಿನ ದೋಸೆಯಾಯಿತು, ಆಮೇಲೆ ಪಡ್ಡಾಯಿತು. ಅದಾಗಿ ಎಷ್ಟೋ ತಿಂಗಳು ಕಳೆದಿವೆ. ಭಾವಮೈದುನ ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ, ಊರವರ ಸಮಾಚಾರವೆಲ್ಲ ಹೇಳಿ, ಕೊನೆಯಲ್ಲಿ “ಇಟ್ಟು ಮುಗೀತೇನವ್ವ?” ಎಂದು ಕೇಳುತ್ತಾನೆ.

“ಇನ್ನೂ ಐತೆ ಕಣಪ್ಪ” ಎನ್ನುತ್ತಾರೆ ನಮ್ಮತ್ತೆ.